ಅಂಬೇವಾಡಿಯ ಅಂಗಡಿಯಲ್ಲಿ ಮಾವನ ಧ್ವನಿ

ನಮ್ಮ ಯಜಮಾನರು ಶಿವಯೋಗಿ ಸಿಟ್ಟಿಗೆದ್ದದ್ದನ್ನು ದಾಂಡೇಲಿಯಲ್ಲಿ ಯಾರೂ ನೋಡಿಲ್ಲ. ಆ ಬಾಬತ್ತನ್ನೆಲ್ಲ ದೇವರು ನನಗೇ ಕೊಟ್ಟಿದ್ದಾನೆ. ನಾನು ಮುಂಡಗೋಡದವಳು, ಬಾಯಿ ಸ್ವಲ್ಪ ಜೋರು.

ಇದೇ ಊರಿನ ಅಂಬೇವಾಡಿಯಲ್ಲಿ ನಮ್ಮದೊಂದು ಝೆರಾಕ್ಸ್ ಅಂಗಡಿ. ಪರೀಕ್ಷೆಯ ಫಲಿತಾಂಶ, ಅರ್ಜಿ ನಮೂನೆ ಎಂದು ಜೋಯಿಡಾ ಕಡೆಯ ಹಳ್ಳಿಗಳಿಂದಲೂ ಜನ ಬಸ್ಸು ಹಿಡಿದು ಬರುತ್ತಾರೆ. ನೆಟ್ ಮಾತ್ರ ಅದಕ್ಕೆ ಮನಸ್ಸಾದಾಗ ಬರುತ್ತದೆ. ಅವರು ಕಾಯುವುದನ್ನು ನೋಡಲಾರದೆ ಇವರು ಮೂಲೆಯಲ್ಲೊಂದು ಹಳೇ ಕಂಪ್ಯೂಟರ್ ಇಟ್ಟು ಅದನ್ನೇ ಸರ್ವರ್ ಮಾಡಿದರು. ಒಬ್ಬರಿಗಾಗಿ ಒಮ್ಮೆ ತಂದ ಪುಟವನ್ನು ಅದು ತನ್ನ ಮೆಮೊರಿಯಲ್ಲಿ ಹಿಡಿದಿಟ್ಟುಕೊಂಡು, ಮುಂದಿನವರು ಕೇಳಿದರೆ ನೆಟ್ಟಿನ ಹಂಗಿಲ್ಲದೆ ಥಟ್ಟನೆ ಕೊಡುತ್ತಿತ್ತು. ಡಿಸ್ಕಿನಲ್ಲಿ ಏನನ್ನೂ ಬರೆದಿಡುತ್ತಿರಲಿಲ್ಲ, ಅದಕ್ಕೇ ಅಷ್ಟು ಚುರುಕು. ಆದರೆ ಕರೆಂಟ್ ಇರುವತನಕ ಮಾತ್ರ. ಒಮ್ಮೆ ಆರಿತೆಂದರೆ ಒಳಗಿದ್ದದ್ದೆಲ್ಲ ಖಾಲಿ. ಹಾಗಾಗಿ ಮನೆಯ ಫ್ಯಾನಿಗಿಲ್ಲದ ಬ್ಯಾಟರಿ ಅದಕ್ಕೆ. ನಾನದನ್ನು ನನ್ನ ಸವತಿ ಎಂದೇ ಕರೆಯುತ್ತಿದ್ದೆ.

ಅತ್ತೆ ಮುದಕವ್ವನಿಗೆ ಆ ಸವತಿಯ ಮೇಲೆ ಜೀವ. ಕಾರಣವಿತ್ತು. ಮಾವ ಲಗಮಪ್ಪ ಧಾರವಾಡದ ಕಡೆಯಿಂದ ಟ್ರಂಕು ಹೊತ್ತು ಬಂದು, ಕಾಗದದ ಕಾರ್ಖಾನೆಯಲ್ಲಿ ಬಿದಿರು ಕತ್ತರಿಸುವ ಮಷಿನ್ ಮೇಲೆ ದುಡಿದವರು. ನಮ್ಮ ಯಜಮಾನರ ಶಾಲೆಯ ಗೆಳೆಯ ಬಸ್ತ್ಯಾಂವ, ಹಳಿಯಾಳದ ಹತ್ತಿರದ ಸಿದ್ದಿಗಳ ಹುಡುಗ, ಹಳೇ ಜನರ ಮಾತನ್ನು ಮೊಬೈಲಿನಲ್ಲಿ ಹಿಡಿದು ತನ್ನದೊಂದು ಸಣ್ಣ ವೆಬ್‌ಸೈಟಿಗೆ ಹಾಕುತ್ತಿದ್ದ. ಮಾವ ತೀರಿಕೊಳ್ಳುವ ಮುಂಚೆ ಅವರ ಮಾತೂ ಅದರಲ್ಲಿ ಸೇರಿತು. ಅಲ್ಲಿಂದ ಒಮ್ಮೆ ತಂದ ಮೇಲೆ ಅದು ನಮ್ಮ ಸರ್ವರಿನಲ್ಲೂ ಕೂತಿತು.

ಏನು ಮಾತು ಅಂತೀರಿ. ಸಾಲುಗಟ್ಟಿ ನಿಲ್ಲುತ್ತಿದ್ದ ಬಿದಿರಿನ ಲಾರಿಗಳು, ಪಾಳಿಗೊಮ್ಮೆ ಕೂಗಿ ಊರಿಗೆಲ್ಲ ಗಡಿಯಾರವಾಗಿದ್ದ ಕಾರ್ಖಾನೆಯ ಭೋಂಗಾ, ರೊಟ್ಟಿ ಬುತ್ತಿ ಕಟ್ಟಿಕೊಂಡು ಮೌಳಂಗಿಗೆ ಹೋಗುತ್ತಿದ್ದ ರಜೆಯ ದಿನಗಳು. ಅಲ್ಲಿ ಅತ್ತೆಯ ಹಿತ್ತಾಳೆ ತಂಬಿಗೆ ಕಾಳಿ ನದಿಯಲ್ಲಿ ತೇಲಿ ಹೋದಾಗ ಈಜು ಬಾರದ ಮಾವ ನೀರಿಗೆ ಹಾರಿದ್ದರಂತೆ. "ತಂಬಿಗಿ ಸಿಗಲಿಲ್ಲ, ನಾನೊಬ್ಬ ಸಿಕ್ಕೆ ಅಕಿಗೆ," ಎಂದು ನಗುತ್ತಾರೆ. ನಡುವೆ ಒಮ್ಮೆ ಒಳಗೆ ತಿರುಗಿ, "ಏ, ಚಾ ಆತೇನ?" ಅನ್ನುತ್ತಾರೆ. ಅತ್ತೆ ಪ್ರತಿ ಸಂಜೆ ಅಂಗಡಿಗೆ ಬಂದು ಕೇಳುತ್ತಿದ್ದರು. ಚಹಾದ ಮಾತು ಬಂದಾಗ ಗಿರಾಕಿಗಳ ಮುಂದೆಯೇ, "ತಡೀರಿ, ಈಗ ತಂದ್ನಿ," ಎಂದುಬಿಡುತ್ತಿದ್ದರು. ಮೌಳಂಗಿಯಲ್ಲಿ ಈಗ ಪಾರ್ಕಾಗಿದೆ, ಹೊರಗಿನವರ ಕಾರುಗಳೇ ಕಾರುಗಳು. ಅಂಗಡಿಯ ಆ ಸಂಜೆಗಳು ನೆನಪಾದರೆ ನನಗೆ ಈಗಲೂ ಸಂಕಟವಾಗುತ್ತದೆ.

ಹೋದ ದಸರೆಯಲ್ಲಿ, ಆಯುಧ, ಮಷಿನ್‌ಗಳಿಗೆಲ್ಲ ಪೂಜೆ ಮಾಡುವ ಖಂಡೆ ಪೂಜೆಯ ಬೆಳಿಗ್ಗೆ ಬಸ್ತ್ಯಾಂವನ ಫೋನ್ ಬಂತು.

"ಶಿವಯೋಗಿ, ನನ್ನ ವೆಬ್‌ಸೈಟ್ ಇಟ್ಟಿದ್ದ ಕಂಪನಿ ಮುಚ್ಚಿ ಹೋಗೇತಿ. ಹಳೇ ಮೊಬೈಲೂ ನೀರಾಗ ಬಿದ್ದು ಕೆಟ್ಟೈತಿ. ಅಪ್ಪಾರ ಮಾತು ನಿನ್ನ ಕಡೆ ಐತೇನು?"

"ಐತಿ, ಐತಿ. ಸರ್ವರಿನ ಮೆಮೊರಿಯಾಗ ಐತಿ. ನಿನ್ನೆ ಸಂಜಿಕೂ ಯವ್ವ ಕೇಳ್ಯಾಳ. ಈಗ ಹೋಗಿ ಇಳಿಸ್ಕೊಂತೇನಿ."

"ಇಷ್ಟ ದಿನ ಏನ್ ಮಾಡ್ತಿದ್ರಿ?" ಎಂದೆ ನಾನು. "ಪೆನ್‌ಡ್ರೈವಿಗೆ ಹಾಕ್ಕೊಳ್ಳಾಕ ಮುಹೂರ್ತ ನೋಡಬೇಕಿತ್ತೇನು?"

"ನೆಟ್ಟಿನ್ಯಾಗ ಇತ್ತಲ್ಲ ಅಂತ ಬಿಟ್ಟಿದ್ದೆ," ಅಂದರು ಪಾಪ. ಸ್ಕೂಟರ್ ಮೇಲೆ ಹೋಗುವಾಗ ದಾರಿಯುದ್ದಕ್ಕೂ ನಾನು ಬೈದೆ.

ಅತ್ತೆ ಹೂವಿನ ಬುಟ್ಟಿ ಹಿಡಿದು ನಮಗಿಂತ ಮುಂಚೆ ಅಂಗಡಿಗೆ ಹೋಗಿದ್ದರು. ಬಾಗಿಲಿಗೆ ರಂಗೋಲಿ ಬಿದ್ದಿತ್ತು. ಝೆರಾಕ್ಸ್ ಮಷಿನ್ ಮೇಲೆ ವಿಭೂತಿ ಪಟ್ಟೆ, ಸರ್ವರಿಗೆ ಎಲ್ಲಕ್ಕಿಂತ ದಪ್ಪ ಚೆಂಡುಹೂವಿನ ಮಾಲೆ. ಅದರ ಪ್ಲಗ್ ಕಿತ್ತು ಸುರುಳಿ ಸುತ್ತಿ ಇಟ್ಟಿದ್ದರು. ಬ್ಯಾಟರಿಯ ಗುಂಡಿಯನ್ನೂ ಆರಿಸಿದ್ದರು.

"ಎಲ್ಲಾ ಬಂದ್ ಮಾಡೇನಿ," ಎಂದರು ಅತ್ತೆ, ಮುಖ ಅರಳಿತ್ತು. "ನಿಮ್ಮಪ್ಪ ಇವತ್ತ ಯಾರಿಗೂ ಮಷಿನ್ ಮುಟ್ಟಗೊಡತಿದ್ದಿಲ್ಲ. ವರ್ಷಪೂರ್ತಿ ದುಡದದ್ದಕ್ಕ ಒಂದು ದಿನರ ಆರಾಮ ಬ್ಯಾಡೇನು ಅಂತಿದ್ರು. ಅವರ ಧ್ವನಿ ಇದರಾಗ ಐತಂತ ಇದಕ್ಕ ಮದಲ ಪೂಜಿ ಮಾಡೇನಿ."

ನನ್ನ ನಾಲಿಗೆಯ ತುದಿಗೆ ಮಾತು ಬಂದಿತ್ತು. ಇವರು ನನ್ನ ಮುಂಗೈ ಹಿಡಿದರು. ಪೆನ್‌ಡ್ರೈವ್ ಜೇಬಿಗೆ ಹಾಕಿಕೊಂಡು, ಸರ್ವರಿಗೆ ಕೈಮುಗಿದು, ತೆಂಗಿನಕಾಯಿ ಒಡೆದರು.

ಮರುದಿನ ಅತ್ತೆ ಸಂಜೆಯತನಕ ಕಾಯಲಿಲ್ಲ, ಬೆಳಿಗ್ಗೆಯೇ ಬಂದು ಸ್ಟೂಲಿನ ಮೇಲೆ ಕೂತರು. ಇವರು ಮಷಿನ್ ಚಾಲೂ ಮಾಡಿದರು. ಮಾವನ ಹೆಸರು ಒತ್ತಿದರೆ ಪರದೆಯ ಮೇಲೆ ಬಿಳಿ ಪುಟ, ಅಷ್ಟೆ. ಅತ್ತೆ ಇನ್ನೊಮ್ಮೆ ಒತ್ತಿಸಿದರು. ಆಮೇಲೆ ತಮ್ಮ ಕೈಗಳನ್ನು ನೋಡಿಕೊಂಡರು.

"ನಾ ಬಂದ್ ಮಾಡಿದ್ದಕ್ಕ ಹೋತೇನೋ ತಮ್ಮಾ?"

"ಇಲ್ಲ ಬೇ ಯವ್ವಾ," ಎಂದರು ಇವರು. "ಮೊನ್ನೆ ರಾತ್ರಿನ ಲೈಟ್ ಹೋಗಿ ಬ್ಯಾಟರಿ ಇಳದಿತ್ತು. ನೀ ಪೂಜಿ ಮಾಡೂಮುಂದ ಅದರಾಗ ಏನೂ ಇದ್ದಿಲ್ಲ."

ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಇವರ ಬಾಯಿಂದ ನಾನು ಕೇಳಿದ ಸುಳ್ಳು ಅದೊಂದೇ. ಹೇಳಲೂ ಬರುವುದಿಲ್ಲ ಇವರಿಗೆ, ಕಣ್ಣು ನೆಲದ ಮೇಲಿತ್ತು. ಅತ್ತೆ ನನ್ನತ್ತ ತಿರುಗಿದರು. ನಾನು ಇವರನ್ನು ಯಾವತ್ತೂ ಬಚಾವು ಮಾಡುವವಳಲ್ಲ ಎಂದು ಅವರಿಗೆ ಗೊತ್ತು.

"ಹೌದೇನ ಶೈಲಾ?"

"ಹೌದ್ರಿ ಅತ್ತಿ," ಎಂದೆ. "ಬ್ಯಾಟರಿ ಬದಲ್ಸ್ರಿ, ಬದಲ್ಸ್ರಿ ಅಂತ ಬಾಯಿ ಬಡಕೊಂಡ್ನಿ. ನನ್ನ ಮಾತು ಎಲ್ಲಿ ಕೇಳ್ತಾರ ಇವರು?"

ಅತ್ತೆ ಎದ್ದು ಮಗನ ಬೆನ್ನಿಗೆ ಎರಡು ಬಡಿದರು. "ಹೇಣ್ತಿ ಮಾತು ಕೇಳಿದ್ರ ನಿಂದೇನ ಹೋಗತಿತ್ತೋ? ನಿಮ್ಮಪ್ಪನ್ನ ಕಳದಿ ನೋಡು, ನಿಮ್ಮಪ್ಪನ್ನ ಕಳದಿ," ಎಂದು ಅಳುತ್ತ ಬೈದರು. ಇವರು ತಲೆತಗ್ಗಿಸಿ ನಿಂತು ಎಲ್ಲವನ್ನೂ ಕೇಳಿಸಿಕೊಂಡರು. ಅತ್ತೆಗೆ ಸಾಕಾಗುವತನಕ ಅಲ್ಲಿಂದ ಕದಲಲಿಲ್ಲ.