ಬೀಗದಣ್ಣನ ವೈಫೈ

ಕೀಲಿಕೈ ಮನೆಯೊಳಗೇ ಬಿಟ್ಟು ಬಾಗಿಲು ಎಳೆದುಕೊಂಡವರಿಗೆ ಬೀಗ ತೆಗೆದುಕೊಡುವುದು ಬೀಗದಣ್ಣನ ಕಸುಬು. ತೆಗೆಯುವ ಮೊದಲು ಚೆನ್ನಾಗಿ ಬೈಯುವುದು ಅವನ ಚಟ.

"ಕೀ ಒಳಗಿಟ್ಟು ಬಾಗಿಲು ಹಾಕ್ಕೋತಾರಾ ಯಾರಾದ್ರೂ? ತಲೇಲಿ ಏನಿದೆ?"

ಎಂಥ ಬೀಗವೂ ತನ್ನ ಕೈಗೆ ಸಲೀಸಾಗಿ ತೆರೆದುಕೊಳ್ಳುವುದನ್ನು ಕಂಡು ಕಂಡು ಅವನಿಗೆ ಲೋಕದ ಮೇಲೇ ನಂಬಿಕೆ ಹೋಗಿತ್ತು. ಹೊಸ ಲ್ಯಾಪ್‌ಟಾಪ್ ತಂದವನೇ ಅದರಲ್ಲಿದ್ದುದನ್ನೆಲ್ಲ ಅಳಿಸಿ, ಕಳ್ಳಕಾಕರು ಹತ್ತಿರ ಸುಳಿಯದಂಥ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಹಾಕಿದ. ಅದಕ್ಕೆ ವೈಫೈ ಕಾರ್ಡಿನ ಗುರುತೇ ಹತ್ತಲಿಲ್ಲ. ಕಾರ್ಡನ್ನು ನಡೆಸುವ ಡ್ರೈವರ್ ತಂತ್ರಾಂಶ ಬೇಕೆಂದಿತು. ಡ್ರೈವರ್ ಇರುವುದು ಇಂಟರ್‌ನೆಟ್ಟಿನಲ್ಲಿ. ಇಂಟರ್‌ನೆಟ್ಟಿಗೆ ಹೋಗಲು ವೈಫೈ ಬೇಕು! ಪಕ್ಕದಂಗಡಿಯಿಂದ ಪೆನ್‌ಡ್ರೈವಿನಲ್ಲಿ ತಂದು ಚುಚ್ಚಿದರೆ ಅದನ್ನೂ ಒಳಗೆ ಬಿಡಲಿಲ್ಲ. ಗುರುತಿಲ್ಲದ ಯಾವುದನ್ನೂ ಸೇರಿಸಬೇಡವೆಂದು ಲ್ಯಾಪ್‌ಟಾಪಿಗೆ ತಾಕೀತು ಮಾಡಿದ್ದವನು ಅವನೇ. ಈಗ ಆ ತಾಕೀತನ್ನು ತಾನೇ ಸಡಿಲಿಸಲು ಅಭಿಮಾನ ಬಿಡಲಿಲ್ಲ.

"ಇದರ ಮನೆ ಹಾಳಾಗ!" ಎಂದು ಮೇಜು ಗುದ್ದಿದ.

ಹೆಂಡತಿ ಅಡುಗೆಮನೆಯಿಂದ ಬಂದಳು. "ನನ್ ಫೋನಿಗೆ ವೈರ್ ಹಾಕಿ ಜೋಡಿಸಿದ್ರೆ ನೆಟ್ ಬರಲ್ವಾ?"

"ಬರುತ್ತೆ. ಆದ್ರೆ ಕಂಡಕಂಡ ಫೋನನ್ನೆಲ್ಲ ಒಳಗೆ ಬಿಡೋಕಾಗಲ್ಲ."

"ಕಟ್ಕೊಂಡ ಹೆಂಡ್ತಿ ಫೋನು ಕಂಡಕಂಡ ಫೋನಾ?"

ಬೀಗದಣ್ಣ ಮತ್ತೆ ಕೀಲಿಮಣೆ ಕುಟ್ಟಿದ. ಲ್ಯಾಪ್‌ಟಾಪ್ ಮತ್ತೆ ಅದೇ ರಾಗ ಎಳೆಯಿತು. ಕೊನೆಗೆ ಸೋತು, ಮುಖ ಅತ್ತ ತಿರುಗಿಸಿಕೊಂಡೇ ಫೋನಿಗಾಗಿ ಕೈ ಚಾಚಿದ.

ಅವಳು ಕೊಡಲಿಲ್ಲ. ಫೋನನ್ನು ಬೆನ್ನ ಹಿಂದೆ ಹಿಡಿದು, ಗಂಡನದೇ ದನಿಯಲ್ಲಿ ಶುರುಮಾಡಿದಳು:

"ಕೀ ಒಳಗಿಟ್ಟು ಬಾಗಿಲು ಹಾಕ್ಕೋತಾರಾ ಯಾರಾದ್ರೂ?"