ನನಗಿಂತ ಮೊದಲೇ ಹಿರೋಳ್ಳಿಗೆ ಹೋದವಳು

ಇಂಥ ಸಂಗತಿಗಳನ್ನು ಬೇರೆಯವರು ಹೇಳಿದಾಗ ನಾನು ನಕ್ಕವಳು. ಇಪ್ಪತ್ತು ವರ್ಷ ನರ್ಸ್ ಕೆಲಸ ಮಾಡಿದವಳಿಗೆ ದೆವ್ವ, ಭ್ರಮೆ ಎಲ್ಲಕ್ಕೂ ಒಂದು ಕಾರಣ ಗೊತ್ತಿರುತ್ತದೆ. ಅಷ್ಟೇ ಏಕೆ, ಹುಟ್ಟಿನಿಂದ ಕ್ರೈಸ್ತಳಾದರೂ, ಪಾಪ ಒಪ್ಪಿಕೊಂಡು ದೇವರ ಕಡೆ ತಿರುಗಿದರೆ ಬಿಡುಗಡೆ ಸಿಗುತ್ತದೆ ಎಂಬ ಮಾತನ್ನೂ ನಾನು ಒಳಗಿಂದ ನಂಬಿರಲಿಲ್ಲ. ನಂಬಿದ್ದರೆ ಒಂಬತ್ತು ವರ್ಷ ಬಾಯಿ ಮುಚ್ಚಿಕೊಂಡು ಇರುತ್ತಿರಲಿಲ್ಲ.

ಆಗ ನಾನು ಆಳಂದದ ಒಂದು ಸಣ್ಣ ಹೆರಿಗೆ ಆಸ್ಪತ್ರೆಯಲ್ಲಿದ್ದೆ. ಚಳಿಗಾಲದ ಒಂದು ಬೆಳಿಗ್ಗೆ, ಹುಟ್ಟಿ ಎರಡು ದಿನವಾದ ಕೂಸಿನ ಪಕ್ಕ ಬಿಸಿನೀರಿನ ಚೀಲವನ್ನು ಬಟ್ಟೆ ಸುತ್ತದೆ ಇಟ್ಟುಬಿಟ್ಟೆ. ಕೂಸಿನ ಎಡಗಾಲಿನ ಹಿಮ್ಮಡಿ ಸುಟ್ಟಿತು. ಡಾಕ್ಟರು ಕೇಳಿದಾಗ, "ಜಗದೇವಿ ಇಟ್ಟಾಳ್ರಿ" ಎಂದೆ. ಜಗದೇವಿ ಅಲ್ಲಿಯ ಆಯಾ. ಅವಳು ಎಷ್ಟು ಅತ್ತು ಹೇಳಿದರೂ ಯಾರೂ ಕೇಳಲಿಲ್ಲ. ಅವತ್ತೇ ಕೆಲಸ ಬಿಡಿಸಿದರು. ಕೂಸಿಗೆ ವಾಸಿಯಾಯಿತು. ಆದರೆ ಕೂಸು ಸುಟ್ಟಾಕಿ ಎಂಬ ಹೆಸರು ಅವಳ ಹಿಂದೆಯೇ ಅವಳ ಊರು ಹಿರೋಳ್ಳಿಯ ತನಕ ಹೋಯಿತು.

ಆಮೇಲೆ ನಾನು ಅಫಜಲಪುರಕ್ಕೆ ಬಂದೆ. ಕೊರೊನಾ ಕಳೆದ ಮೇಲೆ, ಈಸ್ಟರ್ ಹಬ್ಬಕ್ಕೆ ಮುಂಚಿನ ಲೆಂಟ್ ದಿನಗಳಲ್ಲಿ ಉಪವಾಸವಿದ್ದು ಪ್ರಾರ್ಥನೆಗೆ ಕೂತರೆ ಮಾತೇ ಹೊರಡದಂತಾಯಿತು. ತಡೆಯಲಾರದೆ ನಮ್ಮ ಪಾಸ್ಟರಿಗೆ ಹೇಳಿದೆ. "ದೇವರ ಮುಂದ ಹೇಳೀರಿ. ಆಕಿ ಮುಂದ ಹೇಳಿಲ್ಲಲ್ಲ ತಾಯಿ," ಎಂದರು. ಹತ್ತು ದಿನ ಹಿಂದೆಮುಂದೆ ನೋಡಿ, ಒಂದು ಸೋಮವಾರ ರಜೆ ಹಾಕಿ ಹೊರಟೆ. ಹೆದರಿ ಸುಳ್ಳು ಹೇಳಿದೆ, ಕ್ಷಮಿಸು ಎಂದಷ್ಟೇ ಹೇಳುವುದೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡೆ.

ಹಿರೋಳ್ಳಿಗೆ ನಾನು ಹೋದದ್ದು ಅದೇ ಮೊದಲು. ಮಟಮಟ ಮಧ್ಯಾಹ್ನ. ಮನೆ ಕೇಳೋಣವೆಂದು ಕಿರಾಣಿ ಅಂಗಡಿಯ ಮುಂದೆ ನಿಂತೆ. ನಾನು ಬಾಯಿ ತೆರೆಯುವ ಮೊದಲೇ ಒಳಗಿದ್ದ ಹೆಂಗಸು, "ಮತ್ತ ಬಂದ್ರೇನ್ರಿ? ಜಗದೇವಿ ಮನ್ಯಾಗೇ ಅದಾಳ, ಹೋಗ್ರಿ," ಎಂದು ಓಣಿಯ ಕಡೆ ಕೈ ಮಾಡಿದಳು. ಬೇರೆ ಯಾರೋ ಎಂದುಕೊಂಡಿರಬೇಕು ಅನಿಸಿತು.

ಜಗದೇವಿ ಕಟ್ಟೆಯ ಮೇಲೆ ತೊಗರಿ ಹಸನು ಮಾಡುತ್ತಿದ್ದಳು. ಕೂದಲು ಪೂರಾ ಬೆಳ್ಳಗಾಗಿತ್ತು. ನನ್ನನ್ನು ನೋಡಿ ಸಿಟ್ಟಾಗಲಿಲ್ಲ. ಮೊರ ಬದಿಗಿಟ್ಟು, "ಬರ್ರಿ ಸಿಸ್ಟರ್. ಕಾಲು ಈಗ ಹ್ಯಾಂಗದ?" ಎಂದಳು.

"ಯಾವ ಕಾಲು?"

"ಶುಕ್ರವಾರ ಬರಿಗಾಲಿಲೆ ಕುಂಟಕೋತ ಬಂದಿದ್ರಲ್ರಿ. ಎಡಗಾಲ ಹಿಮ್ಮಡಿ ಸುಟ್ಟು ಬೊಬ್ಬಿ ಎದ್ದಿತ್ತು. ನಮ್ಮ ಸೊಸಿನೇ ಎಣ್ಣಿ ಹಚ್ಚಿದಳು."

ಸೊಸೆ ಬಾಗಿಲಿಗೆ ಬಂದು ನನ್ನ ಕಾಲನ್ನೇ ನೋಡಿದಳು. ಅಲ್ಲಿ ಒಂದು ಕಲೆಯೂ ಇರಲಿಲ್ಲ. ಒಳಗೆ ಸರಿದು ಬಾಗಿಲು ಮುಂದಕ್ಕೆಳೆದುಕೊಂಡಳು. ಶುಕ್ರವಾರ ಬೆಳಿಗ್ಗೆಯಿಂದ ಸಂಜೆಯ ತನಕ ನಾನು ಅಫಜಲಪುರದಲ್ಲಿ ಎರಡು ಹೆರಿಗೆ ಮಾಡಿಸಿದ್ದೆ.

"ನಾ ಏನಂದೆ?" ಎಂದು ಹೇಗೋ ಕೇಳಿದೆ.

"ಎಲ್ಲಾ ಹೇಳಿದ್ರಿ. ಹೆದರಿ ಹೇಳಿದ್ದಲ್ಲ ಅಂದ್ರಿ. ಬಾಣಂತ್ಯಾರು ನಿಮ್ಮನ್ನ ಬಿಟ್ಟು ನನ್ನನ್ನೇ ಕರೀತಿದ್ರು, ಅದು ನಿಮಗ ತಡಕೊಳ್ಳಾಕ ಆಗಲಿಲ್ಲ, ನಾ ಅಲ್ಲಿಂದ ಹೋದ್ರ ನಿಮಗ ಸಾಕಾಗಿತ್ತು ಅಂದ್ರಿ. ಭಾಳ ಅತ್ರಿ. ನಾ ಆಗೇ ಮಾಫ್ ಮಾಡಿಬಿಟ್ಟೇನ್ರಿ."

ಆ ಹೊಟ್ಟೆಕಿಚ್ಚಿನ ಸಂಗತಿ ನಾನು ಪಾಸ್ಟರಿಗೆ ಹೇಳಿರಲಿಲ್ಲ. ಪ್ರಾರ್ಥನೆಯಲ್ಲೂ ಹೇಳಿರಲಿಲ್ಲ. ನನಗೆ ನಾನೇ ಹೇಳಿಕೊಂಡಿರಲಿಲ್ಲ. ಆದರೆ ಕೇಳಿದ ಕೂಡಲೇ ಅದೇ ನಿಜವೆಂದು ಗೊತ್ತಾಯಿತು.

ಸುಳ್ಳೇಕೆ ಹೇಳಲಿ, ಸುಮ್ಮನೆ ಹೂಂ ಎಂದು ಎದ್ದು ಬಂದುಬಿಡೋಣವೆಂದೂ ಅನಿಸಿತು. ಆದರೆ ನೆಲದ ಮೇಲೆ ಕೂತೆ. "ಶುಕ್ರವಾರ ಬಂದಾಕಿ ನಾ ಅಲ್ಲ ಜಗದೇವಿ. ನಾ ಇವತ್ತೇ ಬಂದೇನಿ," ಎಂದು, ಮೊದಲಿನಿಂದ ಎಲ್ಲವನ್ನೂ, ಆ ಹೊಟ್ಟೆಕಿಚ್ಚನ್ನೂ ಬಿಡದೆ, ನನ್ನ ಬಾಯಿಂದಲೇ ಹೇಳಿದೆ.

ಅವಳು ಬಗ್ಗಿ ನನ್ನ ಎಡಗಾಲಿನ ಹಿಮ್ಮಡಿ ನೋಡಿದಳು. ಆಮೇಲೆ ಕೈಯನ್ನು ನನ್ನ ತಲೆಯ ಮೇಲಿಟ್ಟು, "ಹೋಗ್ರಿ, ನಿಮಗೂ ಮಾಫ್ ಮಾಡೇನಿ," ಎಂದಳು. ಕೈ ತೆಗೆಯದೆಯೇ ಮೆಲ್ಲಗೆ ಕೇಳಿದಳು:

"ಹಂಗಾರ ಅವತ್ತ ನಾ ಯಾರಿಗೆ ಮಾಫ್ ಮಾಡೀನ್ರಿ?"

ಮರುದಿನ ಆ ಡಾಕ್ಟರಲ್ಲಿಗೂ ಕೂಸಿನ ತಾಯಿಯಲ್ಲಿಗೂ ಹೋಗಿ ನಿಜ ಹೇಳಿದೆ. ಅವರಲ್ಲಿಗೆ ನನಗಿಂತ ಮೊದಲು ಯಾರೂ ಹೋಗಿರಲಿಲ್ಲ. ತಾಯಿ ಬಾಯಿಗೆ ಬಂದಂತೆ ಬೈದಳು, ತಲೆ ತಗ್ಗಿಸಿ ಕೇಳಿಸಿಕೊಂಡೆ. ಅಂದಿನಿಂದ ಎದೆ ಹಗುರಾದದ್ದು ನಿಜ, ಅದನ್ನು ನಾನು ಯಾರ ಮುಂದೆ ಬೇಕಾದರೂ ಹೇಳಬಲ್ಲೆ. ಆದರೆ ಈಗಲೂ ಶುಕ್ರವಾರ ಬಂದರೆ, ಮಲಗುವ ಮೊದಲು ನನ್ನ ಎಡಗಾಲಿನ ಹಿಮ್ಮಡಿಯನ್ನು ಒಮ್ಮೆ ಮುಟ್ಟಿ ನೋಡಿಕೊಳ್ಳುತ್ತೇನೆ.