ನದಿಯಾಚೆಯಿಂದ ಬಂದ ಪ್ರಶ್ನೆ

ಕಪಿತೊಲೀನಾ ಎಂಬುದು ಅವಳ ಪೂರ್ತಿ ಹೆಸರು. ಊರವರ ಬಾಯಲ್ಲಿ ಕಾಪಾ. ಪಿನೇಗಾ ನದಿಯ ಈ ದಡದಲ್ಲಿ, ಅಂಚೆ ಕಚೇರಿಯ ಹಿಂದಿನ ಮನೆಯಲ್ಲಿ ಹುಟ್ಟಿದವಳು. ನಾನು ಆ ಕಚೇರಿಯಲ್ಲಿ ಫೋನ್ ನೋಡಿಕೊಳ್ಳುತ್ತಿದ್ದೆ. ಹಾಗಾಗಿ ಅವಳು ತೊಟ್ಟಿಲಲ್ಲಿ ಅತ್ತದ್ದರಿಂದ ಹಿಡಿದು ಎಲ್ಲವೂ ನನ್ನ ಕಿವಿಗೆ ಬಿದ್ದಿದೆ.

ಮೊದಮೊದಲು ಅವಳನ್ನು ಬುದ್ಧಿವಂತೆ ಎಂದವರು ಯಾರೂ ಇಲ್ಲ. ನೀರಿಗೆ ಕಳಿಸಿದರೆ ಕೊಡ ದಡದಲ್ಲೇ ಬಿಟ್ಟು ಬರುವಳು. ಅವಳ ತಾಯಿ ಉಲ್ಯಾನಾ ಊರಿನ ಸಾಮೂಹಿಕ ಬೇಸಾಯದ ಕೊಟ್ಟಿಗೆಯಲ್ಲಿ ಕರುಗಳನ್ನು ಸಾಕುತ್ತಿದ್ದಳು. ಒಮ್ಮೆ ಮಗಳಿಗೆ ಬಾಗಿಲು ಕಾಯಲು ಹೇಳಿದರೆ ಅವಳು ಯಾವುದೋ ಯೋಚನೆಯಲ್ಲಿ ನಿಂತುಬಿಟ್ಟಳು, ಕರುಗಳೆಲ್ಲ ಪಕ್ಕದಿಂದಲೇ ಹಾದು ಓಟ್ಸ್ ಹೊಲಕ್ಕೆ ನುಗ್ಗಿದವು. ಅಂದು ಅಜ್ಜಿ ಉಸ್ತೀನ್ಯಾ ಹೊಸ್ತಿಲಲ್ಲಿ ಕೂತು ನನ್ನ ಹತ್ತಿರ, "ನಮ್ಮ ಹುಡುಗಿ ತಲೆಯೊಳಗೆ ಯಾವುದೋ ಹಕ್ಕಿ ಗೂಡು ಕಟ್ಟಿದೆ ಕಣೇ ಕ್ಲಾವಾ. ಮರಿ ಮಾಡೋತನಕ ಇವಳಿಂದ ಕೆಲಸ ಆಗಲ್ಲ" ಎಂದಿದ್ದಳು.

ಆ ಹಕ್ಕಿ ಯಾವುದೆಂದು ಕಂಡವರು ಗಣಿತದ ಮೇಷ್ಟ್ರು ಪ್ರೊಕೋಪಿ ಸಾವಿಚ್. ಚಳಿಗಾಲದಲ್ಲಿ ನದಿ ಹೆಪ್ಪುಗಟ್ಟಿದಾಗ ಅವಳನ್ನು ಜಾರುಬಂಡಿಯಲ್ಲಿ ಕೂರಿಸಿಕೊಂಡು ಆಚೆ ದಡದ ತಾಲ್ಲೂಕು ಪಟ್ಟಣಕ್ಕೆ, ಗಣಿತ ಸ್ಪರ್ಧೆಗೆ ಕರೆದೊಯ್ದರು. ಅವಳಿಗೆ ಬಹುಮಾನವೇನೂ ಬರಲಿಲ್ಲ. ಆದರೆ ಅವಳ ಉತ್ತರಗಳು ಲೆನಿನ್‌ಗ್ರಾಡಿನವರೆಗೂ ಹೋಗಿ, ಅಲ್ಲಿಯ ಗಣಿತ-ವಿಜ್ಞಾನದ ವಸತಿ ಶಾಲೆಯ ಒಬ್ಬರ ಕಣ್ಣಿಗೆ ಬಿದ್ದವು. ಸರ್ಕಾರದ ಶಾಲೆ, ಊಟ ವಸತಿ ಎಲ್ಲ ಅವರದೇ, ಆದರೆ ಸೇರುವ ಬಾಗಿಲು ತೀರ ಕಿರಿದು. ವಸಂತದಲ್ಲಿ ಅಲ್ಲಿಂದ ಪರೀಕ್ಷಕರೊಬ್ಬರು ವಿಮಾನದಲ್ಲಿ ನಮ್ಮ ತಾಲ್ಲೂಕಿಗೆ ಬರುತ್ತಾರೆ, ಒಂದೇ ದಿನ ಇರುತ್ತಾರೆ, ಮಕ್ಕಳನ್ನು ಎದುರು ಕೂರಿಸಿಕೊಂಡು ಮಾತಾಡಿಸುತ್ತಾರೆ, ಕಾಪಾಳೂ ಬರಲಿ ಎಂದು ಹೇಳಿಕಳಿಸಿದರು.

ಉಲ್ಯಾನಾಗೆ ಇದು ಹಿಡಿಸಲಿಲ್ಲ. "ಕೊಡ ಮರೆತು ಬರೋಳು ಅಷ್ಟು ದೊಡ್ಡ ಊರಲ್ಲಿ ತನ್ನನ್ನೇ ಮರೆತುಬಿಡ್ತಾಳೆ" ಎಂದಳು. ಕಾಪಾಗೆ ಹೋಗಬೇಕೆಂಬ ಆಸೆ ಎಷ್ಟಿತ್ತೋ ಭಯವೂ ಅಷ್ಟೇ ಇತ್ತೆಂದು ಆಮೇಲೆ ನನ್ನಲ್ಲಿ ಹೇಳಿದ್ದಳು.

ಪರೀಕ್ಷೆಯ ದಿನ ಬೆಳಗ್ಗೆ ಹೆಪ್ಪುಗಟ್ಟಿದ ನದಿ ಒಡೆಯಿತು.

ಪ್ರತಿ ವರ್ಷ ನೋಡುವುದೇ ಆದರೂ ಆ ಸದ್ದಿಗೆ ದಡಕ್ಕೆ ಓಡಿ ಬರದವರಿಲ್ಲ. ಮನೆಗಾತ್ರದ ಹಿಮದ ಹಲಗೆಗಳು ಒಂದರ ಮೇಲೊಂದು ಹತ್ತಿ, ಮಗುಚಿ, ದಡವನ್ನು ಕೆರೆಯುತ್ತ ಸಾಗಿದ್ದವು. ಆಚೆಯ ಪಟ್ಟಣದ ಚಿಮಣಿಗಳ ಹೊಗೆ ಕಾಣುತ್ತಿತ್ತು, ಆದರೆ ವಾರ ಕಳೆಯದೆ ಅಲ್ಲಿಗೆ ಮನುಷ್ಯಮಾತ್ರದವರು ದಾಟುವಂತಿರಲಿಲ್ಲ. ಕಾಪಾ ಒಳ್ಳೆಯ ಉಡುಪು ತೊಟ್ಟು, ಅಜ್ಜಿ ಕೊಟ್ಟ ಮೀನಿನ ಕಡುಬಿನ ಗಂಟು ಹಿಡಿದು ದಡದಲ್ಲಿ ನಿಂತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ನೇರ ನನ್ನಲ್ಲಿಗೆ ಬಂದಳು.

"ಕ್ಲಾವಾ ಚಿಕ್ಕಮ್ಮ, ಮನುಷ್ಯರು ದಾಟಕ್ಕಾಗಲ್ಲ. ಮಾತು ದಾಟುತ್ತಲ್ಲ?"

"ಏನೇ ಹಾಗಂದ್ರೆ?"

"ತಂತಿ ಇನ್ನೂ ಇದೆ."

ತಂತಿ ಇತ್ತು ನಿಜ. ಎರಡೂ ದಡದ ಎತ್ತರದ ಕಂಬಗಳ ನಡುವೆ ನದಿಯ ಮೇಲೆ ತೂಗುತ್ತಿತ್ತು. ಅದು ಸರ್ಕಾರಿ ಕೆಲಸಕ್ಕಿದ್ದ ಒಂದೇ ಲೈನು. ಅದರ ಮೇಲೆ ಪರೀಕ್ಷೆ ನಡೆಸಿದವರನ್ನು ನಾನು ಕಂಡಿರಲಿಲ್ಲ, ನಡೆಸಬಾರದೆಂದು ಹೇಳಿದವರನ್ನೂ ಕಂಡಿರಲಿಲ್ಲ. ಪಟ್ಟಣದ ವಿನಿಮಯ ಕೇಂದ್ರದಲ್ಲಿದ್ದ ಲೀದಾಗೆ ಹೇಳಿದೆ. ಅವಳು ನಕ್ಕಳು, ಆಮೇಲೆ ಕೋಟು ಹಾಕಿಕೊಂಡು ತಾನೇ ಓಡಿಹೋಗಿ ಪರೀಕ್ಷಕರನ್ನು ಕರೆತಂದಳು.

ಅಷ್ಟರಲ್ಲಿ ಸುದ್ದಿ ಹಬ್ಬಿ ನನ್ನ ಪುಟ್ಟ ಕೋಣೆ ತುಂಬಿತ್ತು. ಮೇಷ್ಟ್ರು, ಉಲ್ಯಾನಾ, ಅಜ್ಜಿ, ಹಿಮ ನೋಡಲು ಬಂದು ಇಲ್ಲೇ ಉಳಿದ ಅಕ್ಕಪಕ್ಕದವರು. ಕಾಪಾಗೆ ಫೋನು ಕೊಟ್ಟು, ನಾನು ಕಿವಿಗೆ ಇನ್ನೊಂದು ರಿಸೀವರ್ ಹಚ್ಚಿಕೊಂಡು ಕೂತೆ. ಪರೀಕ್ಷಕರ ಹೆಸರು ವೆನಿಯಮಿನ್ ಓಸಿಪೊವಿಚ್. ದನಿ ಕೇಳಿದರೆ ಚಿಕ್ಕ ಪ್ರಾಯದವರೇ.

"ನಿಮ್ಮ ಪಕ್ಕ ಗಣಿತ ಗೊತ್ತಿರೋರು ಯಾರಾದ್ರೂ ಇದ್ದಾರಾ ಅಮ್ಮಾ?" ಎಂದರು.

"ಮೇಷ್ಟ್ರಿದ್ದಾರೆ. ಆದ್ರೆ ಅಜ್ಜಿ ಅವರ ತೋಳು ಹಿಡ್ಕೊಂಡಿದ್ದಾರೆ," ಎಂದೆ.

"ಬಾಯಿ ಬಿಟ್ರೆ ಒಲೆ ಕೆದಕೋ ಕೋಲಲ್ಲಿ ಕೊಡ್ತೀನಿ ಅಂತ ಹೇಳು," ಎಂದಳು ಅಜ್ಜಿ. ಆಚೆ ದಡದಿಂದ ನಗು ಕೇಳಿಸಿತು.

ಮೊದಲ ಪ್ರಶ್ನೆ ಹೀಗಿತ್ತು. ಒಂದು ಕೋಣೆಯಲ್ಲಿ ಕೆಲವರು ಸೇರಿದ್ದಾರೆ. ಕೆಲವರು ಕೆಲವರ ಕೈ ಕುಲುಕಿದ್ದಾರೆ. ಒಂದೇ ಲೆಕ್ಕದಷ್ಟು ಕೈ ಕುಲುಕಿದವರು ಇಬ್ಬರಾದರೂ ಇದ್ದೇ ಇರುತ್ತಾರೆ. ಯಾಕೆ?

ಕಾಪಾ ತಲೆಯೆತ್ತಿ ನಮ್ಮನ್ನೆಲ್ಲ ಒಮ್ಮೆ ನೋಡಿದಳು.

"ನಾವಿಲ್ಲಿ ಒಂಬತ್ತು ಜನ ಇದ್ದೀವಿ. ಒಬ್ಬೊಬ್ಬರು ಸೊನ್ನೆಯಿಂದ ಎಂಟು ಜನರವರೆಗೆ ಕೈ ಕುಲುಕಬಹುದು. ಎಲ್ಲರ ಲೆಕ್ಕ ಬೇರೆ ಬೇರೆ ಆಗ್ಬೇಕು ಅಂದ್ರೆ ಒಬ್ಬರದು ಸೊನ್ನೆ ಆಗ್ಬೇಕು, ಒಬ್ಬರದು ಎಂಟು. ಸೊನ್ನೆ ನಮ್ಮಜ್ಜಿ ಅಂತಿಟ್ಕೊಳ್ಳಿ, ಯಾರಿಗೂ ಕೈ ಕೊಡಲ್ಲ. ಹಾಗಿದ್ರೆ ಎಂಟು ಜನರ ಕೈ ಕುಲುಕಿದೋರು ಯಾರು? ಅವರು ಅಜ್ಜಿ ಕೈನೂ ಕುಲುಕಿರ್ಬೇಕಲ್ಲ. ಅದಾಗಲ್ಲ."

"ಅಜ್ಜಿಗೆ ನನ್ನ ನಮಸ್ಕಾರ ತಿಳಿಸಮ್ಮ," ಎಂದರು ವೆನಿಯಮಿನ್ ಓಸಿಪೊವಿಚ್. ಮೇಷ್ಟ್ರು ಕಣ್ಣು ಮುಚ್ಚಿಕೊಂಡರು.

ಇನ್ನೊಂದೆರಡು ಲೆಕ್ಕಗಳಾದವು. ಒಂದರಲ್ಲಿ ಎಡವಿದಳು, ತಾನೇ ತಿದ್ದಿಕೊಂಡಳು. ಆಮೇಲೆ ಅವರು, "ಒಂದು ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದರಿಂದಲೂ ಭಾಗವಾಗದ ಸಂಖ್ಯೆ ಗೊತ್ತಲ್ಲ? ಎರಡು, ಮೂರು, ಐದು, ಏಳು, ಹನ್ನೊಂದು... ಈ ಅವಿಭಾಜ್ಯಗಳು ಮುಂದೆ ಎಲ್ಲಾದರೂ ಮುಗಿದುಹೋಗ್ತವಾ?" ಎಂದು ಕೇಳಿದರು.

"ಹೋಗ್ತಾ ಹೋಗ್ತಾ ಕಡಿಮೆ ಆಗ್ತವೆ," ಎಂದಳು ಕಾಪಾ. "ಹಾಗಾಗಿ ಮುಗೀಬಹುದು."

"ಕಡಿಮೆ ಆಗೋದು ಬೇರೆ, ಮುಗಿಯೋದು ಬೇರೆ. ನಿಧಾನವಾಗಿ ಯೋಚನೆ ಮಾಡು. ನಾನೆಲ್ಲೂ ಹೋಗಲ್ಲ."

ಅವಳು ಕಿಟಕಿಯ ಕಡೆ ತಿರುಗಿದಳು. ಹೊರಗೆ ನದಿ ಗುಡುಗುತ್ತಿತ್ತು. ತಂತಿಯಲ್ಲಿ ಪರೀಕ್ಷಕರ ಉಸಿರು ಕೇಳುತ್ತಿತ್ತು, ಲೀದಾಳ ಉಸಿರೂ ಕೇಳುತ್ತಿತ್ತು. ಯಾರೋ ಮರದ ಡಿಪೋದಿಂದ ಲೈನು ಕೇಳಿದರೆ ಅವಳು "ಪರೀಕ್ಷೆ ನಡೀತಿದೆ" ಎಂದು ಪಿಸುಗುಟ್ಟಿ ಕತ್ತರಿಸಿದಳು. ಅಷ್ಟು ಹೊತ್ತು ಯಾರೂ ಮಾತಾಡದ ಫೋನನ್ನು ನಾನು ಹಿಡಿದದ್ದು ಅದೊಂದೇ ಸಲ. ಮಗು ಹುಟ್ಟುವ ಮನೆಯ ಹೊರಗೆ ಕಾದಂತಿತ್ತು.

"ಮುಗೀತವೆ ಅಂತಲೇ ಇಟ್ಕೊಳ್ಳೋಣ," ಎಂದಳು ಕಾಪಾ. ದನಿ ಬದಲಾಗಿತ್ತು. "ಇರೋದೆಲ್ಲ ಒಟ್ಟು ಮಾಡ್ಕೊಂಡ್ವಿ, ಒಂದೂ ಬಿಟ್ಟಿಲ್ಲ. ಅವನ್ನೆಲ್ಲ ಗುಣಿಸಿ..."

ಅಲ್ಲಿ ನನ್ನ ಕಿವಿಯಲ್ಲಿ ಟಕ್ಕೆಂದು ಸದ್ದಾಯಿತು. ಉಸಿರುಗಳೆರಡೂ ನಿಂತವು. ಕಿಟಕಿಯಿಂದ ನೋಡಿದರೆ ನಮ್ಮ ದಡದ ಕಂಬವನ್ನು ಹಿಮ ಬುಡಸಹಿತ ಎತ್ತಿ ಒಯ್ಯುತ್ತಿತ್ತು.

ಅವಳಿಗೆ ಗೊತ್ತಾಗಲಿಲ್ಲ. ನಾನೂ ತಡೆಯಲಿಲ್ಲ. ಆ ಮುಖ ನೋಡಿದ ಮೇಲೆ ತಡೆಯಲು ಯಾರಿಗೆ ಬಾಯಿ ಬರುತ್ತದೆ? ಅವಳು ಸತ್ತ ಫೋನಿಗೆ ಹೇಳುತ್ತಲೇ ಇದ್ದಳು. "ಗುಣಿಸಿ, ಒಂದು ಸೇರಿಸಿ. ಈಗ ಬಂದ ಸಂಖ್ಯೆನ ನಮ್ಮ ಹತ್ರ ಇರೋ ಯಾವುದರಿಂದ ಭಾಗಿಸಿದ್ರೂ ಒಂದು ಉಳಿಯುತ್ತೆ. ಆದ್ರೆ ಅದನ್ನ ಭಾಗಿಸೋ ಅವಿಭಾಜ್ಯ ಒಂದಾದರೂ ಇರ್ಲೇಬೇಕು. ಅದು ನಮ್ಮ ಹತ್ರ ಇಲ್ಲ. ಅಂದ್ರೆ ಒಂದು ಹೊರಗೆ ಉಳೀತು. ಎಷ್ಟು ಒಟ್ಟು ಮಾಡ್ಕೊಂಡ್ರೂ ಒಂದು ಹೊರಗೆ ಇದ್ದೇ ಇರುತ್ತೆ. ಮುಗಿಯೋದೇ ಇಲ್ಲ."

ಮೇಷ್ಟ್ರು ಅಳುತ್ತಿದ್ದರು. ಲೈನು ಹೋಯಿತೆಂದು ಆಗ ಹೇಳಿದೆ. ಅವಳು ಕೈಯಲ್ಲಿದ್ದ ಫೋನನ್ನು ನೋಡಿ, "ಹೌದಾ? ಆದ್ರೂ ಅದು ನಿಜ ತಾನೇ ಚಿಕ್ಕಮ್ಮ" ಎಂದಳು.

ಅಜ್ಜಿ ಮೇಷ್ಟ್ರ ತೋಳು ಬಿಟ್ಟು ಕೇಳಿದಳು. "ಮುಗಿಯೋದೇ ಇಲ್ವೇನೇ? ನಾನು ಸತ್ತ ಮೇಲೂ?"

"ಇಲ್ಲ ಅಜ್ಜಿ."

ಅಜ್ಜಿ ಎದ್ದು ನಿಂತು ಶಿಲುಬೆಯ ಗುರುತು ಹಾಕಿಕೊಂಡಳು. ಸರ್ಕಾರಿ ಕಚೇರಿಯಲ್ಲಿ ಅದು ಕೂಡದೆಂದು ಯಾರೂ ತಡೆಯಲಿಲ್ಲ.

ಪರೀಕ್ಷಕರು ಮರುದಿನದ ವಿಮಾನಕ್ಕೆ ಹೊರಟಿರಬೇಕೆಂದೇ ನಾವು ತಿಳಿದಿದ್ದೆವು. ಹಿಮ ತೆಳುವಾದ ಮೇಲೆ ಅಂಚೆಯ ಮೊದಲ ದೋಣಿ ಬಂತು. ದೋಣಿಯವನು ಬಾಯ್ತುಂಬ ಬೈಯುತ್ತ, ಹುಟ್ಟುಗೋಲಿನಿಂದ ಹಿಮದ ತುಂಡುಗಳನ್ನು ತಳ್ಳುತ್ತಿದ್ದ. ಅವನ ಹಿಂದೆ ತೆಳ್ಳಗಿನ ಯುವಕನೊಬ್ಬ ಕನ್ನಡಕವನ್ನು ಕೈಯಲ್ಲಿ ಹಿಡಿದು ಅಂಚೆ ಚೀಲದ ಮೇಲೆ ಕೂತಿದ್ದ. ಬೂಟಿನ ತುಂಬ ನೀರು. ಅವರೇ ಪರೀಕ್ಷಕರು, ವಿಮಾನ ಬಿಟ್ಟು ಅಷ್ಟು ದಿನವೂ ಪಟ್ಟಣದಲ್ಲೇ ಕಾದಿದ್ದರು. ಉಲ್ಯಾನಾಳ ಮನೆ ಎಲ್ಲೆಂದು ಕೇಳಿ, ನನ್ನ ಜೊತೆ ಬಂದು ಬಾಗಿಲಲ್ಲೇ ನಿಂತು, "ಎಲ್ಲ ಗುಣಿಸಿ ಅಂದ್ಯಲ್ಲ. ಆಮೇಲೆ?" ಎಂದರು.

"ಒಂದು ಸೇರಿಸಿ," ಎಂದಳು ಕಾಪಾ.

ಅವರು ಬೆಂಚಿನ ಮೇಲೆ ಕೂತುಬಿಟ್ಟರು. ಇದನ್ನು ಮೊದಲೇ ಯಾರಾದರೂ ಹೇಳಿಕೊಟ್ಟಿದ್ದರೇ ಎಂದು ಕೇಳಿದರು. ಮೇಷ್ಟ್ರನ್ನು ಕರೆಸಿದ್ದಾಯಿತು. ನಾನು ಹೇಳಿಕೊಟ್ಟಿಲ್ಲ, ಮುಂದಿನ ವರ್ಷಕ್ಕೆಂದು ಇಟ್ಟಿದ್ದೆ ಎಂದರು ಪ್ರೊಕೋಪಿ ಸಾವಿಚ್. ಉಲ್ಯಾನಾ ಅತಿಥಿಯ ಬೂಟು ಕಳಚಿಸಿ, ಒಲೆಯ ಮೇಲಿಟ್ಟು, ಚಹಾ ಬಸಿದಳು. ಮಗಳನ್ನು ಕಳಿಸುವ ಮಾತು ಮಾತ್ರ ಎತ್ತಲಿಲ್ಲ.

ಆಗ ಕಾಪಾ ಕೇಳಿದಳು. "ವೆನಿಯಮಿನ್ ಓಸಿಪೊವಿಚ್, ಈ ದಿನಗಳಲ್ಲಿ ಒಂದು ನೋಡಿದೆ. ಕೆಲವು ಅವಳಿ ಥರ ಬರ್ತವೆ. ಐದು ಏಳು, ಹನ್ನೊಂದು ಹದಿಮೂರು, ಹದಿನೇಳು ಹತ್ತೊಂಬತ್ತು. ಈ ಜೋಡಿಗಳೂ ಮುಗಿಯೋದಿಲ್ವಾ?"

"ಗೊತ್ತಿಲ್ಲ," ಎಂದರು ಅವರು.

"ನಿಮಗೂ?"

"ನನಗೆ ಮಾತ್ರ ಅಲ್ಲ. ಭೂಮಿ ಮೇಲೆ ಯಾರಿಗೂ ಗೊತ್ತಿಲ್ಲ."

ಕಾಪಾ ಲೋಟವನ್ನು ಕೆಳಗಿಟ್ಟಳು. ಗೊತ್ತಿಲ್ಲದ್ದೆಲ್ಲ ತನಗೊಬ್ಬಳಿಗೆ ಗೊತ್ತಿಲ್ಲ, ಎಲ್ಲೋ ಯಾವುದೋ ಪುಸ್ತಕದಲ್ಲಿ ಎಲ್ಲ ಬರೆದಿಟ್ಟಿರುತ್ತಾರೆ ಎಂದು ಅಲ್ಲಿಯವರೆಗೆ ತಿಳಿದಿದ್ದ ಹುಡುಗಿ ಅವಳು. "ಯಾರಿಗೂ?" ಎಂದು ಇನ್ನೊಮ್ಮೆ ಮೆಲ್ಲಗೆ ಕೇಳಿದಳು. ಅವರು ತಲೆಯಾಡಿಸಿದರು. ಆಗ ಅವಳ ಮುಖದಲ್ಲಿ ಬಂದ ಬೆಳಕನ್ನು ನಾನು ಹೇಗೆ ಹೇಳಲಿ. ಉಲ್ಯಾನಾ ಅದನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಎದ್ದು ಒಳಗೆ ಹೋಗಿ, "ಚಳಿಗೆ ಇವಳಿಗೆ ಅಲ್ಲಿ ಹೊದಿಯಕ್ಕೆ ಏನು ಕೊಡ್ತೀರಿ?" ಎಂದು ಅಲ್ಲಿಂದಲೇ ಕೇಳಿದಳು.

ಬೇಸಿಗೆಯ ಕೊನೆಯಲ್ಲಿ ಕಾಪಾ ಹೊರಟಳು. ಮೊದಲ ವರ್ಷ ತರಗತಿಗೇ ಕೊನೆಯವಳು. ಹೊಸ ವರ್ಷಕ್ಕೆ ಊರಿಗೆ ಬಂದಾಗ, "ಅಲ್ಲಿರೋರ ಮುಂದೆ ನಾನು ಕರು, ಚಿಕ್ಕಮ್ಮ. ಎಷ್ಟೊಂದು ಗೊತ್ತಿಲ್ಲ ನನಗೆ, ಎಷ್ಟೊಂದು" ಎಂದು ಹಬ್ಬದೂಟ ಬಣ್ಣಿಸುವವಳ ಹಾಗೆ ಹೇಳಿದಳು. ತಾಯಿ ಗಾಬರಿಯಾದಳು. ನನಗೆ ಗಾಬರಿಯಾಗಲಿಲ್ಲ, ಮುಖದ ಆ ಬೆಳಕು ಹಾಗೇ ಇತ್ತು.

ಅವಳು ದೊಡ್ಡ ಹೆಸರೇನೂ ಮಾಡಲಿಲ್ಲ. ಓದು ಮುಗಿಸಿ ಅರ್ಖಾಂಗೆಲ್ಸ್ಕಿನ ಹಡಗು ದುರಸ್ತಿ ಕಾರ್ಖಾನೆಯಲ್ಲಿ ಯಂತ್ರಗಳ ಲೆಕ್ಕ ಹಾಕುವ ಎಂಜಿನಿಯರಾದಳು, ಅಲ್ಲಿಯ ಮೆಕ್ಯಾನಿಕನನ್ನೇ ಮದುವೆಯಾದಳು. ಹುಲ್ಲು ಕೊಯ್ಯುವ ಕಾಲಕ್ಕೆ ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು ಬರುತ್ತಾಳೆ. ಚಿಕ್ಕವನಿಗೆ ಲೆಕ್ಕವೆಂದರೆ ಆಗದು. ದಿನವಿಡೀ ಮೀನು ಹಿಡಿಯುತ್ತಾನೆ. ಅವಳು ಬೈಯದೆ ಅವನ ಪಕ್ಕ ದಡದಲ್ಲಿ ಕೂತು, ಆ ಅವಳಿ ಸಂಖ್ಯೆಗಳನ್ನೇ ಯೋಚಿಸುತ್ತಿರುತ್ತಾಳೆ.